ಅಜ್ಜಿಯ ಬಾಯಿಗೆ ಅತ್ತೆಯ ಮಾತು

ಮಧ್ಯಾಹ್ನ ಮೂರಾದರೆ ನನಗೆ ಕುತ್ತಿಗೆ ನೋವು ಶುರುವಾಗುತ್ತದೆ. ಇಪ್ಪತ್ತಮೂರು ವರ್ಷದಿಂದ ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತಿದ್ದೇನೆ. ಬೇರೆಯವರು ಬರೆದದ್ದನ್ನು ತಿದ್ದುವುದು, ಉದ್ದವಾದದ್ದನ್ನು ಕತ್ತರಿಸುವುದು, ತಲೆಬರಹ ಕೊಡುವುದು ನನ್ನ ಕೆಲಸ. ನನ್ನ ಹೆಸರು ಎಲ್ಲೂ ಅಚ್ಚಾಗುವುದಿಲ್ಲ. ಆಗಬೇಕೆಂಬ ಚಪಲ ಹೋಗಿಯೂ ಬಹಳ ಕಾಲವಾಯಿತು. ಇದರ ಜೊತೆಗೆ ಹನ್ನೊಂದು ವರ್ಷದ ಹಿಂದೆ, ರಜೆ ಹಾಕಿದ ಒಬ್ಬರ ಕೆಲಸ "ನಾಲ್ಕ ದಿನದ ಮಾತ್ರಿ" ಎಂದು ನನ್ನ ಕೊರಳಿಗೆ ಬಿತ್ತು. ಅವರು ಬೇರೆ ನೌಕರಿ ಹಿಡಿದು ಹೋದರು. ಕೆಲಸ ನನ್ನ ಕೊರಳಲ್ಲೇ ಉಳಿಯಿತು. ಪುರವಣಿ ಪುಟದ ಕೆಳಗೆ ದಿನಾ ಬರುವ ಕಾಮಿಕ್ಸ್‌ಗೆ ಕನ್ನಡ ತುಂಬುವುದೇ ಆ ಕೆಲಸ.

ನಾವು ಅದನ್ನು ಪಟ್ಟಿ ಎನ್ನುತ್ತೇವೆ. ನಾಲ್ಕು ಚೌಕ, ಅಷ್ಟೇ. ಯಾವುದೋ ದೇಶದಿಂದ ಇಂಗ್ಲಿಷಿನಲ್ಲಿ ಬರುತ್ತದೆ. ಸಮುದ್ರದಂಡೆಯ ಒಂದು ಊರು, ಒಬ್ಬ ಅಜ್ಜ, ಒಬ್ಬ ಅಜ್ಜಿ, ಅವರ ಮನೆಯಲ್ಲೊಂದು ಹೊಟ್ಟೆಬಾಕ ಬಾತುಕೋಳಿ. ಅಜ್ಜ ದಿನಾ ದೋಣಿ ತೆಗೆದುಕೊಂಡು ಹೊರಡುತ್ತಾನೆ, ಏನೋ ಒಂದು ಫಜೀತಿ ಮಾಡಿಕೊಂಡು ಬರುತ್ತಾನೆ, ಅಜ್ಜಿ ಒಂದು ಮಾತು ಅನ್ನುತ್ತಾಳೆ. ಇಂಗ್ಲಿಷಿನಲ್ಲಿ ಇಬ್ಬರೂ ಬಹಳ ಸಭ್ಯರು. ಅಜ್ಜಿ ಬೈದರೂ ಆಸ್ಪತ್ರೆಯ ನರ್ಸು ಮಾತನಾಡಿದಂತಿರುತ್ತದೆ. ಮೊದಲ ಒಂದು ತಿಂಗಳು ನಾನೂ ಹಾಗೆಯೇ ಕನ್ನಡಿಸಿದೆ. ಯಾರೂ ಓದಲಿಲ್ಲ. ಓದಿದವರು ಯಾಕೆ ಓದಿದೆವೋ ಎಂದುಕೊಂಡಿರಬೇಕು.

ಒಂದು ದಿನ ಅಜ್ಜ ಸಂತೆಯಿಂದ ಒಣಗಿದ ತರಕಾರಿ ತಂದ ಚಿತ್ರ ಬಂತು. ಅದರ ಹಿಂದಿನ ದಿನವಷ್ಟೇ ನಮ್ಮ ಅತ್ತೆ ಉಣಕಲ್ಲಿನ ನಮ್ಮ ಓಣಿಯಲ್ಲಿ ಕೈಗಾಡಿಯವನಿಗೆ, "ಇದು ಬದನೀಕಾಯೇನೋ, ಬದನೀಕಾಯಿ ಅಜ್ಜನೋ?" ಎಂದು ಕೇಳಿದ್ದರು. ಅದನ್ನೇ ಎತ್ತಿ ಅಜ್ಜಿಯ ಬಾಯಿಗೆ ಹಾಕಿದೆ. ಮರುದಿನ ಆಫೀಸಿಗೆ ಮೂರು ಫೋನು. ಅಲ್ಲಿಂದ ನನ್ನ ದಾರಿ ಸಲೀಸಾಯಿತು. ಚಿತ್ರ ಅವರದು, ಬಾಯಿ ನಮ್ಮ ಅತ್ತೆಯದು.

ಅತ್ತೆ ಕುಂತಲ್ಲಿ ನಿಂತಲ್ಲಿ ಮಾತು ಉದುರಿಸುವ ಹೆಂಗಸು. ಹಿಟ್ಟು ರುಬ್ಬುವಾಗ ಕರೆಂಟು ಹೋದರೆ, "ಹೋತೇನು? ಹೋಗ್ಲಿ ಬಿಡು, ಅದಕ್ಕೂ ಸೂಟಿ ಬೇಕಲ್ಲ" ಎನ್ನುವರು. ನನ್ನ ಗಂಡ ಚಾಳೀಸು ಹುಡುಕುತ್ತಿದ್ದರೆ, "ಮೂಗಿನ ಮ್ಯಾಲ ಒಮ್ಮೆ ಹುಡುಕಪಾ" ಎನ್ನುವರು. ನಾನು ಕೇಳಿಸಿಕೊಂಡೇ ಸಿಟಿ ಬಸ್ಸು ಹತ್ತುತ್ತಿದ್ದೆ. ಟಿಕೆಟ್ಟಿನ ಹಿಂದೆ ಬರೆದುಕೊಳ್ಳುತ್ತಿದ್ದೆ. ಇದು ಕದ್ದು ಮಾಡಿದ ಕೆಲಸವೇನೂ ಅಲ್ಲ. ಅತ್ತೆಗೆ ಎಲ್ಲ ಗೊತ್ತಿತ್ತು. ಬೆಳಿಗ್ಗೆ ಪೇಪರು ಮೊದಲು ಅವರ ಕೈಗೇ ಹೋಗಬೇಕು, ಅವರು ಮೊದಲು ಪಟ್ಟಿಯನ್ನೇ ನೋಡಬೇಕು. "ಮೊನ್ನಿ ನಾ ಅಂದದ್ದ ಐತಿ ನೋಡ ಇದು! ಬಾಯಿ ನಂದು, ನೌಕರಿ ನಿಂದು" ಎಂದು ನಗುವರು. ಉಣಕಲ್ ಕೆರೆಯ ದಂಡೆಗೆ ವಾಕಿಂಗ್ ಹೋದಾಗ ಗೆಳತಿಯರಿಗೆ ಓದಿ ಹೇಳುವರು. ಮಾವನವರು ಬದುಕಿದ್ದಾಗ ಅವರಿಗೂ ಓದಿ ಹೇಳುತ್ತಿದ್ದರು. ಅವರು ಬೀಡುಬೀಸಾಗಿ ನಗುವ ಮನುಷ್ಯರಲ್ಲ. ಮೀಸೆಯ ತುದಿ ಸ್ವಲ್ಪ ಅಲುಗಿದರೆ ಆ ದಿನದ ಪಟ್ಟಿ ಪಾಸಾಯಿತು ಎಂದು ಲೆಕ್ಕ.

ಜನರಿಗೆ ಈ ನಾಲ್ಕು ಚೌಕ ಯಾಕೆ ಇಷ್ಟು ಬೇಕು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಬೆಂಗೇರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಮುಖ ನೋಡಿಲ್ಲ, ದನಿ ಮಾತ್ರ ಪರಿಚಯ. ನನ್ನನ್ನು ಅಕ್ಕಾ ಅನ್ನುತ್ತಾರೆ. ಒಮ್ಮೆ ಅವರನ್ನೇ ಕೇಳಿದೆ. "ಏನಿಲ್ರಿ ಅಕ್ಕಾರ, ಮೊದಲನೇ ಪುಟ ತಗದ್ರ ಎದಿ ಧಸಕ್ ಅಂತೈತಿ. ಅಲ್ಲಿ ಯಾರರ ಸತ್ತಿರ್ತಾರ, ಇಲ್ಲಾ ಯಾವುದರ ತುಟ್ಟಿ ಆಗಿರತೈತಿ. ಈ ಅಜ್ಜ-ಅಜ್ಜಿ ನಿನ್ನಿ ಹ್ಯಾಂಗಿದ್ರೋ ಇವತ್ತೂ ಹಂಗ ಇರ್ತಾರ. ಅವರ್ನ ನೋಡಿ ಆಮ್ಯಾಲ ಮೊದಲನೇ ಪುಟಕ್ಕ ಹೋಗ್ತೇನಿ" ಎಂದರು. ನನಗೆ ಅದಕ್ಕಿಂತ ಚಲೋ ಉತ್ತರ ಈವರೆಗೆ ಸಿಕ್ಕಿಲ್ಲ. ಜಗತ್ತಿನಲ್ಲಿ ಏನಾದರೂ ಆಗಲಿ, ಆ ಅಜ್ಜನ ಬೂಟು ಬಾಗಿಲಲ್ಲೇ ಇರುತ್ತದೆ. ಧಾರವಾಡದ ನಿವೃತ್ತ ಮಾಸ್ತರೊಬ್ಬರು ಮಾತ್ರ, ಪತ್ರಿಕೆಯಲ್ಲಿ ಅಡುಗೆಮನೆ ಭಾಷೆ ಬಳಸುತ್ತೀರಿ ಎಂದು ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ಬೈಯಲಿಕ್ಕಾದರೂ ದಿನಾ ತಪ್ಪದೆ ಓದುತ್ತಿದ್ದರಲ್ಲ, ಅಷ್ಟು ಸಾಕಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಕಳೆದ ವರ್ಷ ಹಬ್ಬದ ಜಾಹೀರಾತಿನ ದಿನಗಳು. ಎರಡು ಪುಟ ಹೆಚ್ಚಿಗೆ, ಒಬ್ಬರು ರಜೆ, ಇನ್ನೊಬ್ಬರಿಗೆ ಜ್ವರ. ನಾಲ್ಕಕ್ಕೆ ಪುಟ ಹೋಗಬೇಕು. ಮೂರೂಮುಕ್ಕಾಲಾದರೂ ಪಟ್ಟಿ ಮುಟ್ಟಿರಲಿಲ್ಲ. ಪುಟ ಮಾಡುವವರು ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಅಜ್ಜಿದು ಏನಾತ್ರಿ?" ಎಂದು ಎರಡು ಸಲ ಕೇಳಿದರು. ನನ್ನ ಕೆಲಸದ ಪದ್ಧತಿ ಸರಳ. ಮಾತಿದ್ದ ಚೌಕಗಳನ್ನು ಮಾತ್ರ ನೋಡುವುದು, ಅಕ್ಷರ ಎಣಿಸುವುದು, ತುಂಬುವುದು, ಕಳಿಸುವುದು. ಅವತ್ತು ಮೊದಲ ಚೌಕದಲ್ಲಿ ಅಜ್ಜ ಬೂಟು ಏರಿಸುತ್ತಿದ್ದ. ಎರಡನೆಯದರಲ್ಲಿ ಬಾಗಿಲು ದಾಟಿದ್ದ. ಮೂರನೆಯದರಲ್ಲಿ ಅಜ್ಜಿ ಒಬ್ಬಳೇ ಕಪ್ಪು ಹಿಡಿದು ನಿಂತಿದ್ದಳು. ಇಂಗ್ಲಿಷಿನಲ್ಲಿ, ಚಹಾ ಆರುತ್ತದೆ ಎಂಬರ್ಥದ ಒಂದು ಸಪ್ಪೆ ವಾಕ್ಯ. ನಾಲ್ಕನೆಯದರಲ್ಲಿ ಮಾತೇ ಇರಲಿಲ್ಲ. ಮಾತಿಲ್ಲದ್ದಕ್ಕೆ ನನಗೂ ಕೆಲಸವಿರಲಿಲ್ಲ.

ಮೂರನೆಯ ಚೌಕಕ್ಕೆ ಕೈ ತಾನೇ ಟೈಪು ಮಾಡಿತು: "ಚಹಾ ಇಟ್ಟಿದ್ನೆಲ್ಲಾ, ಕುಡದ ಹೋಗಬೇಕಿಲ್ಲೇನು? ಎಲ್ಲಾದಕ್ಕೂ ಗಡಿಬಿಡಿ ನಿಮಗ."

ಅಳತೆಗೆ ಹೊಲಿದಂತೆ ಕೂತಿತು. ನನಗೇ ನಗು ಬಂತು. ಹಿಂದೆ ನಿಂತವರೂ ನಕ್ಕರು. ಈ ಮಾತು ಎಲ್ಲಿಂದ ಬಂತೆಂದು ನಾನು ಕೇಳಿಕೊಳ್ಳಲಿಲ್ಲ. ಕಳಿಸಿದೆ.

ಮರುದಿನ ಬೆಳಿಗ್ಗೆ ಯಾಕೋ ಪೇಪರು ಮೊದಲು ನನ್ನ ಗಂಡನ ಕೈಗೆ ಸಿಕ್ಕಿತು. ಅವರು ಜೋರಾಗಿ ನಗುತ್ತ, "ಯವ್ವಾ, ಇಲ್ಲಿ ನೋಡಿಲ್ಲಿ, ಥೇಟ್ ನಿನ್ನಂಗ ಮಾತಾಡ್ಯಾಳ" ಎಂದು ಓದಿ ಹೇಳಿ, ಪೇಪರು ಅವ್ವನ ಮುಂದೆ ಹಿಡಿದರು. ಅತ್ತೆ ಓದಿದರು. ಚಾಳೀಸು ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪೇಪರು ಮಡಚಿ ಟೀಪಾಯಿಯ ಮೇಲಿಟ್ಟು, ಒಳಗೆ ಹೋದರು. ನನ್ನ ಗಂಡ, "ಯಾಕ, ಸೇರಲಿಲ್ಲೇನು?" ಎಂದರು.

ಆಗ ನೆನಪಾಯಿತು ನೋಡಿ. ನೆನಪಾಗುವುದೂ ಅಂಥ ಹೊತ್ತಿನಲ್ಲೇ.

ಮಾವನವರು ತೀರಿಕೊಂಡಿದ್ದು ಅದಕ್ಕೆ ಎರಡು ವರ್ಷ ಮೊದಲು, ಒಂದು ಬೆಳಿಗ್ಗೆ. ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, "ಚಹಾ ಇಡು" ಎಂದಿದ್ದರಂತೆ. ಅತ್ತೆ ಕಪ್ಪು ಹಿಡಿದು ಹೊರಗೆ ಬರುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಪಡಸಾಲೆಯಲ್ಲಿ ಮಲಗಿಸಿದ್ದರು. ನನ್ನ ಗಂಡ ಹೊರಗೆ ಬಂಧುಗಳಿಗೆ ಫೋನು ಹಚ್ಚುತ್ತಿದ್ದರು. ಬಂದವರು ಅಳುತ್ತಿದ್ದರು. ಅತ್ತೆ ಮಾತ್ರ ಅಳಲಿಲ್ಲ. ಮಾವನವರ ತಲೆಯ ಹತ್ತಿರ ಕೂತು, ಅವರ ಕಿವಿಗೆ ಬಾಗಿ, ಈ ಮಾತನ್ನೇ ಅಂದರು. ಪಕ್ಕದಲ್ಲಿ ನಾನಿದ್ದೆ. ಬೇರೆ ಯಾರಿಗೂ ಕೇಳಿಸಿರಲಿಲ್ಲ. ಐವತ್ತು ವರ್ಷ ಕೂಡಿ ಬಾಳಿದ ಹೆಂಡತಿ ಗಂಡನಿಗೆ ಹೇಳಿದ ಕಟ್ಟಕಡೆಯ ಮಾತು ಅದು. ಅದನ್ನು ಊರಿಗೆಲ್ಲ ನಗುವುದಕ್ಕೆ ಹಂಚಿದವಳು ನಾನು. ಥೂ, ನನ್ನ ಬುದ್ಧಿಗಿಷ್ಟು!

ಅವತ್ತು ಆ ಪಟ್ಟಿಗೆ ಬಂದಷ್ಟು ಫೋನು ಹಿಂದೆಂದೂ ಬಂದಿರಲಿಲ್ಲ. ಜನ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡರು. ನನ್ನ ತಂಗಿಯೇ ನನಗೆ ಕಳಿಸಿದಳು, ನಗುವ ಮುಖ ನಾಲ್ಕು ಹಚ್ಚಿ. ಬೆಂಗೇರಿಯ ಅಣ್ಣ, "ಅಕ್ಕಾರ, ಇದನ್ನ ಕತ್ತರಿಸಿ ಅಂಗಡ್ಯಾಗ ಅಂಟಿಸೇನ್ರಿ" ಎಂದರು. ನಾನು, "ಹೌದ್ರೀ, ಚಲೋ ಆತ್ರಿ" ಎಂದೆ. ಮತ್ತೇನು ಹೇಳಲಿ?

ಮನೆಯಲ್ಲಿ ಅತ್ತೆ ಜಗಳ ಆಡಲಿಲ್ಲ. ಆಡಿದ್ದರೆ ನನಗೆ ಜೀವ ಬಂದಂತಾಗುತ್ತಿತ್ತು. ಮಾತು ನಿಲ್ಲಿಸಿದರು. ಪೂರ್ತಿಯಾಗಿ ಅಲ್ಲ, ಬೇಕಾದಷ್ಟು ಮಾತ್ರ. "ಹೂಂ." "ಆತು." "ಗುಳಿಗಿ ತಗೊಂಡೇನಿ." ನಾನು ಅಡುಗೆಮನೆಗೆ ಕಾಲಿಟ್ಟರೆ, ತಮ್ಮ ಅಕ್ಕನ ಜೊತೆ ಫೋನಿನಲ್ಲಿ ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ದಿನ ನನ್ನ ಮುಂದೆ ತಾಟು ಇಟ್ಟು, "ಊಟಾ ಮಾಡ್ರಿ" ಎಂದರು. ನಾನು ಈ ಮನೆಗೆ ಬಂದು ಇಪ್ಪತ್ತಾರು ವರ್ಷ. "ಉಣ್ಣಾಕ ಬರ್ತಿಯೋ, ಆರತಿ ತರ್ಲ್ಯೋ?" ಎಂದು ಕರೆಯುತ್ತಿದ್ದ ಬಾಯಿ ಅದು. ಬೀಗರಿಗೆ ಕೊಡುವ ಮರ್ಯಾದೆ ನನಗೆ ಕೊಟ್ಟರು.

ನಾನೂ ಬಾಯಿ ಬಿಡಲಿಲ್ಲ. ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಆದರೆ ಕೇಳಬೇಕೆಂದರೆ ಆ ಬೆಳಗಿನ ಸಂಗತಿ ಎತ್ತಬೇಕು, ಆ ಮಾತು ಇನ್ನೊಮ್ಮೆ ಆಡಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ನೂರು ಸಲ ಬರೆಸಿದ್ದರು. ಅಚ್ಚು ಹಾಕಿದರೆ ಏನಾಗುತ್ತದೆ ಎಂದು ಯಾರೂ ಬರೆಸಿರಲಿಲ್ಲ. ಗಂಡನಿಗೂ ಹೇಳಲಿಲ್ಲ. ತಾನು ನಕ್ಕು ಓದಿದ್ದು ಅಪ್ಪನ ಹೆಣದ ಮುಂದಿನ ಮಾತು ಎಂದು ತಿಳಿದರೆ ಅವರು ತಡೆದುಕೊಳ್ಳುತ್ತಿರಲಿಲ್ಲ.

ಹೀಗೆ ಮೂರು ತಿಂಗಳು. ಮೂರು ತಿಂಗಳಲ್ಲಿ ಪಟ್ಟಿಯೂ ಸೊರಗಿತು. ಹಳೆಯ ಬಸ್ ಟಿಕೆಟ್ಟುಗಳನ್ನೆಲ್ಲ ಖಾಲಿ ಮಾಡಿದೆ. ನಾನೇ ಮಾತು ಹೊಸೆಯಲು ಹೋದೆ. ಅದು ನನ್ನಂಥ ದಣಿದ ಹೆಂಗಸು ಕುರ್ಚಿಯಲ್ಲಿ ಕೂತು ಹೊಸೆದ ಮಾತಿನ ಹಾಗೇ ಇತ್ತು. ಬೆಂಗೇರಿಯ ಅಣ್ಣ ಫೋನು ಮಾಡಿ, ಸಂಕೋಚದಿಂದ, "ಅಕ್ಕಾರ, ಅಜ್ಜಿಗೆ ಆರಾಮಿಲ್ಲೇನ್ರಿ? ಯಾಕೋ ಮಾತು ಮೊದಲಿನಂಗ ಇಲ್ಲ" ಎಂದರು. "ಹೌದ್ರಿ, ಆರಾಮಿಲ್ಲ" ಎಂದೆ. ಸುಳ್ಳೇನೂ ಹೇಳಿದಂತಾಗಲಿಲ್ಲ. ಫೋನು ಇಟ್ಟು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಕೊನೆಗೆ ನಮ್ಮ ಮುಖ್ಯಸ್ಥರ ಹತ್ತಿರ ಹೋಗಿ, "ಇದೊಂದು ನನ್ನಿಂದ ಆಗೂದಿಲ್ರಿ, ಬಿಡಸ್ರಿ" ಎಂದೆ. ಹನ್ನೊಂದು ವರ್ಷದ ಕೆಲಸ, ಯಾಕೆ ಎಂದಾದರೂ ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಮೊಬೈಲಿನಿಂದ ತಲೆ ಎತ್ತದೆ, "ಆತು ಬಿಡ್ರಿ. ಈಗೇನು, ಕಂಪ್ಯೂಟರಿಗೆ ಹಾಕಿದ್ರ ತಾನ ಕನ್ನಡ ಮಾಡಿ ಕೊಡತೈತಿ" ಎಂದರು. ಮುಗಿಯಿತು. ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಸುಮ್ಮನೆ ಇನ್ನಷ್ಟು ದಣಿವಾಯಿತು.

ಮೂರು ದಿನ ಪಟ್ಟಿ ಕಂಪ್ಯೂಟರಿನ ಕನ್ನಡದಲ್ಲಿ ಬಂತು. ನಾನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ನಾಲ್ಕನೆಯ ದಿನ ಭಾನುವಾರ. ನನಗೆ ವಾರದ ರಜೆ, ಗಂಡ ಸಂತೆಗೆ ಹೋಗಿದ್ದರು. ನಾನು ಒಲೆಯ ಮುಂದೆ ಇದ್ದೆ. ಅತ್ತೆ ಕೆಳಗೆ ಪೇಪರು ಹಾಸಿಕೊಂಡು ಮೆಂತೆಪಲ್ಯೆ ಸೋಸುತ್ತ ಕೂತಿದ್ದರು. ಇದ್ದಕ್ಕಿದ್ದಂತೆ ಸೊಪ್ಪು ಸರಿಸಿ, ಕೆಳಗಿನ ಪೇಪರನ್ನೇ ನೋಡಿ, "ಅಯ್ಯ, ಇದೇನ್ ಬಂತ ಈ ಮುದುಕಿಗೆ!" ಎಂದರು.

ನಾನು ತಿರುಗಿದೆ. ಅವರು ಬೆರಳಿಟ್ಟು ಓದಿದರು: "'ಓ ನನ್ನ ಪ್ರಿಯನೇ, ನೀವು ಪುನಃ ತಡವಾಗಿದ್ದೀರಿ.' ಪ್ರಿಯನೇ ಅಂತ, ಪ್ರಿಯನೇ! ಹಲ್ಲ ಬಿದ್ದಾವು ಆ ಮುದುಕಂದು. ಯಾರ್ ಬರದಾರ ಇದನ್ನ? ದೆವ್ವಗಿವ್ವ ಬಡದೈತೇನು ಅವಗ?"

"ಕಂಪ್ಯೂಟರ್ ಬರದೈತ್ರಿ."

"ಮತ್ತ ನೀ ಏನ್ ಮಾಡಾಕತ್ತಿ?"

"ನಾ ಬಿಟ್ಟೆರಿ ಅತ್ತಿ."

"ಬಿಟ್ಟಿ? ಯಾರ್ ಹೇಳಿದ್ರ ಬಿಡಂತ?"

ಮೂರು ತಿಂಗಳಿಂದ ತಡೆದದ್ದು ಒಮ್ಮೆಗೇ ಬಂತು. ಒಲೆ ಆರಿಸಿದೆ, ಅವರ ಎದುರಿಗೆ ನೆಲಕ್ಕೆ ಕೂತೆ. "ಅವತ್ತ ಮಾವನವರಿಗೆ ನೀವು ಅಂದಿದ್ದು... ಅದನ್ನ ನಾ ಹಾಕಬಾರದಿತ್ರಿ. ಖರೇ ಹೇಳ್ತೇನಿ, ಹಾಕೂ ಮುಂದ ನನಗ ನೆನಪ ಇರಲಿಲ್ಲ. ಗಡಿಬಿಡ್ಯಾಗ ಹಾಕಿದೆ. ಮ್ಯಾಲ ನಕ್ಕೆ. ನಿಮ್ಮ ಮಾತು ಕದ್ದು ಮಂದಿಗೆ ಕೊಟ್ಟೆ. ತಪ್ಪಾತ್ರಿ" ಎಂದೆ. ಅಳು ತಡೆಯಲಿಲ್ಲ, ಮೂಗು ಸೋರತೊಡಗಿತು.

ಅತ್ತೆ ಮೆಂತೆಯ ಕಡ್ಡಿ ಒಂದೆರಡು ಮುರಿದರು. ಆಮೇಲೆ ಹೇಳಿದರು:

"ಮಾತಿಗೇನ್ ಬಂತ? ದಿನಾ ತಗೋತಿದ್ದಿ, ಅದನ್ನೂ ತಗೊಂಡಿ. ಮೊದಲ ನನಗೂ ನಗೂನ ಬಂತು. ಕಡೀ ಚೌಕ ನೀ ನೋಡಿದ್ಯೇನು?"

"ಅದ್ರಾಗ ಮಾತಿರಲಿಲ್ರಿ."

"ಮಾತಿರಲಿಲ್ಲ. ಅಂವ ಹೊಳ್ಳಿ ಬಂದಿದ್ದ."

ಯಾರು ತಿರುಗಿ ಬಂದದ್ದು ಎಂದು ನನಗೆ ಹೊಳೆಯಲಿಲ್ಲ.

"ಆಕಿ ಹಂಗ ಅಂದಕೂಡ್ಲೆ ಆ ಮುದುಕ ಹೊಳ್ಳಿ ಬಂದು, ಕಟ್ಟಿ ಮ್ಯಾಲ ಕುಂತು, ಚಹಾ ಕುಡ್ಯಾಕತ್ತಿದ್ದ. ನಾನೂ ಅದನ್ನ ಅಂದ್ನೆಲ್ಲ ಅವತ್ತ. ಕಿವ್ಯಾಗ ಅಂದೆ. ನನ್ನವರು ಎದ್ದ್ರೇನು?"

ಮೂರು ತಿಂಗಳು ನಾನು ಕದ್ದ ಮಾತಿನ ಬಗ್ಗೆ ಕೊರಗಿದ್ದೆ. ಅವರು ಮೂರು ತಿಂಗಳು, ನಾನು ನೋಡದೇ ಕಳಿಸಿದ ಆ ಚಿತ್ರವನ್ನು ಎದೆಯಲ್ಲಿಟ್ಟುಕೊಂಡಿದ್ದರು. ಸೆರಗಿನಿಂದ ಅವರು ಕಣ್ಣು ಒರೆಸಿಕೊಂಡರು. ಮಾವನವರು ಹೋದ ದಿನ ಕೂಡ ಬರದ ನೀರು ಈಗ ಬಂತು. ನಾನು ಅವರ ಮೊಣಕಾಲ ಮೇಲೆ ಕೈ ಇಟ್ಟೆ. ಸರಿಸಲಿಲ್ಲ. ಹೊರಗೆ ಯಾರೋ ಹಳೇ ಸಾಮಾನು ಎಂದು ಕೂಗುತ್ತ ಹೋದರು.

ಆಮೇಲೆ ಅವರೇ, "ಏಳು, ಮಾರಿ ತೊಳಕೊ. ಅಂವ ಸಂತಿ ಮಾಡಿ ಬಂದ್ರ, ಅತ್ತಿ-ಸೊಸಿ ಯಾರ ಹೊಲಾ ಹೋತಂತ ಅಳಾಕತ್ತೀರಿ ಅಂತಾನ. ನಾಳಿಂದ ಆ ಮುದುಕೀದು ನೀನ ಬರಿ. ಪ್ರಿಯಾ-ಗಿಯಾ ಅಂತ ಇನ್ನೊಮ್ಮೆ ಬಂದ್ರ ಪೇಪರ್ ಬಿಡಸ್ತೇನಿ ನಾ" ಎಂದರು.

ಸೋಮವಾರ ಮುಖ್ಯಸ್ಥರಿಗೆ ಹೇಳಿ ಕೆಲಸ ವಾಪಸ್ ತೆಗೆದುಕೊಂಡೆ. ಅವರು ಆಗಲೂ ತಲೆ ಎತ್ತಲಿಲ್ಲ. ಕುತ್ತಿಗೆ ನೋವು ಹಾಗೇ ಇದೆ, ನಾಲ್ಕರ ಗಡಿಬಿಡಿಯೂ ಹಾಗೇ ಇದೆ. ಈಗ ಪಟ್ಟಿ ಬಂದರೆ ಮೊದಲು ಮಾತಿಲ್ಲದ ಚೌಕ ನೋಡುತ್ತೇನೆ. ಅಲ್ಲಿ ಅಜ್ಜ ಇದ್ದಾನೋ ಇಲ್ಲವೋ, ಏನು ಮಾಡುತ್ತಿದ್ದಾನೆ ಎಂದು ನೋಡಿ ಆಮೇಲೆ ಅಜ್ಜಿಯ ಬಾಯಿಗೆ ಬರುತ್ತೇನೆ. ಇದರಿಂದ ಹತ್ತು ನಿಮಿಷ ತಡವಾಗುತ್ತದೆ, ಪುಟ ಮಾಡುವವರು ಗೊಣಗುತ್ತಾರೆ. ಅತ್ತೆ ಮತ್ತೆ ಮಾತನಾಡುತ್ತಾರೆ, ಮೊದಲಿನಷ್ಟು ಅಲ್ಲ. ಕೆಲವು ಮಾತು ಆಡುವ ಮೊದಲು ನನ್ನ ಮುಖ ನೋಡುತ್ತಾರೆ. ಆಗ ನಾನೇ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ಇದನ್ನೆಲ್ಲ ಬರೆಯಬೇಕೆನ್ನಿಸಿದಾಗ ಈ ಸಲ ಮೊದಲು ಅವರನ್ನೇ ಕೇಳಿದೆ. ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಯಾವುದನ್ನು ಬರೆಯುತ್ತೇನೆ, ಯಾವ ಮಾತು ಹಾಕುತ್ತೇನೆ ಎಂದು ಒಂದೊಂದಾಗಿ ಹೇಳಿದೆ. ಪೂರ್ತಿ ಕೇಳಿದರು.

"ಬರಿ" ಎಂದರು. "ಎಲ್ಲಾ ಬರಿ. ನನ್ನವರು ಹೊಳ್ಳಿ ಬಂದ್ರು ಅಂತ ಮಾತ್ರ ಬರೀಬ್ಯಾಡ."